ಪುಕ್ಕಟೆ ಬಂದ ನಾಲ್ಕು ಫ್ಯಾನು

ಎಲಚಿಕುಂಟೆಯ ವರಲಕ್ಷ್ಮಮ್ಮ ಆ ಬೆಳಗ್ಗೆ ಹನ್ನೊಂದು ಮಂಕರಿ ಸತ್ತ ರೇಷ್ಮೆ ಹುಳ ಹೊತ್ತು ಹಾಕಿದಳು. ಹೊಲದ ಮೂಲೆಯಲ್ಲಿ ಗಂಡ ಮುನಿವೆಂಕಟಪ್ಪ ಗುಂಡಿ ತೋಡಿಕೊಂಡು ನಿಂತಿದ್ದ. ಅವಳು ಸುರಿಯುವುದು, ಅವನು ಸುಣ್ಣ ಎರಚುವುದು. ಇನ್ನೈದು ದಿನ ಜೀವ ಹಿಡಿದಿದ್ದರೆ ಗೂಡು ಕಟ್ಟಬೇಕಾಗಿದ್ದ ಹುಳಗಳು. ಸೆಕೆಗೆ ಸಪ್ಪೆ ರೋಗ ಬಡಿದು, ಮುಟ್ಟಿದರೆ ಬೆರಳಿಗೆ ಅಂಟುವ ಹಾಗೆ ಕೊಳೆತುಹೋಗಿದ್ದವು.

ಪಕ್ಕದ ಹೊಲದ ಮುತ್ಯಾಲಮ್ಮ ಬದುವಿನ ಮೇಲೆ ನಿಂತು ಮೂಗಿಗೆ ಸೆರಗು ಹಿಡಿದಳು.

"ಹುಳದ ಮನೆಗೆ ಫ್ಯಾನು ಹಾಕ್ಸಿದ್ರಲ್ಲೇ ವರಲಕ್ಷ್ಮಿ?"

"ಹಾಕ್ಸಿದ್ವಕ್ಕ. ಅರ್ಧ ರಾತ್ರಿಗೇ ನಿಂತೋಯ್ತವೆ. ಬೆಳಗ್ಗೆ ಬಾಗಿಲು ತೆಗೆದ್ರೆ ಒಳಗೆ ಇಡ್ಲಿ ಬೇಯಿಸಬೋದು, ಅಂಗಿರ್ತದೆ."

"ಸೋಲಾರ್ ಅಂದ್ರೆ ಅಷ್ಟೇ ಕಣೆ. ಸೂರ್ಯ ಮಲ್ಕೊಂಡ್ರೆ ಅದೂ ಮಲ್ಕೊಳ್ತದೆ. ನಮ್ಮ ಕರ್ಮ."

ಕರ್ಮ ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ವರಲಕ್ಷ್ಮಮ್ಮನಿಗೆ ಅಂಗಾಲಿಂದ ನೆತ್ತಿವರೆಗೆ ಉರಿಯುತ್ತದೆ. ಯಾರ ಕರ್ಮ? ಅವಳ ಹೊಲದಲ್ಲೇ ನಾಲ್ಕು ಕಾಲೂರಿ ನಿಂತ ಕಬ್ಬಿಣದ ಟವರಿನ ಮೇಲಿಂದ ತೋಳು ದಪ್ಪದ ತಂತಿಗಳು ಏರ್‌ಪೋರ್ಟಿನ ದಿಕ್ಕಿಗೆ ಹೋಗುತ್ತವೆ. ಎರಡನೇ ರನ್‌ವೇ ಕೆಲಸ ನಡೆಯುತ್ತಿದ್ದ ವರ್ಷ ಅದು. ಆ ಕಡೆ ಆಕಾಶಕ್ಕೆ ಕತ್ತಲಾಗುವುದೇ ಮರೆತುಹೋಗಿತ್ತು. ಖಾಲಿ ರಸ್ತೆಗೆ ಸಾಲು ದೀಪ, ನಿಂತ ಕಾರಿಗೆ ದೀಪ, ಹುಲ್ಲಿಗೆ, ಹೂಕುಂಡಕ್ಕೆ ದೀಪ. ಟವರಿಗೆ ಕಾಲೂರಲು ನೆಲ ಬಿಟ್ಟುಕೊಟ್ಟವಳ ಮನೆಗೆ ಮಾತ್ರ ಲೈನಿಲ್ಲ.

ಕೇಳಿರಲಿಲ್ಲವೇ? ಕೇಳಿದ್ದಳು. ಭಾಗವಾದ ಮೇಲೆ ಊರಾಚೆ ತಮ್ಮ ಪಾಲಿನ ಹೊಲದಲ್ಲಿ ಮನೆ, ಪಕ್ಕಕ್ಕೆ ಹುಳದ ಮನೆ ಕಟ್ಟಿಕೊಂಡು ಗಂಡ ಹೆಂಡತಿ ಬಂದಾಗಿನಿಂದ ಮೂರು ಸಲ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟಿದ್ದಳು. ಮೂರನೇ ಸಲ ಮೇಜಿನ ಹಿಂದೆ ಕೂತಿದ್ದ ಮನುಷ್ಯ ತಲೆ ಎತ್ತದೆ ಹೇಳಿದ.

"ಈ ಸರ್ವೆ ನಂಬರು ಕಾರ್ಖಾನೆ ಜಾಗದ ಪಟ್ಟೀಲಿದೆ. ನಾಳೆ ಹೋಗೋ ಮನೆಗೆ ಇವತ್ತು ಲೈನ್ ಯಾಕಮ್ಮ?"

"ಹೋಗ್ತದೆ ಅಂತ ಯಾರು ಹೇಳಿದ್ದು ಸ್ವಾಮಿ? ನಾವು ಸೈನ್ ಹಾಕಿಲ್ಲ."

"ಹಾಕ್ತೀರ ಬಿಡಿ."

ಹಾಕ್ತೀರ ಬಿಡಿ. ಎರಡೇ ಮಾತು. ಸೊಪ್ಪು ಕುಯ್ಯುವಾಗ, ರಾಗಿ ಮುದ್ದೆ ಕಟ್ಟುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ ಆ ಎರಡು ಮಾತು ಅವಳ ಕಿವಿಯಲ್ಲಿ ಕಣಜದ ಹುಳದ ಹಾಗೆ ಗುಂಯ್ಗುಟ್ಟುತ್ತಿತ್ತು. ಕತ್ತಲಲ್ಲಿ ಕೂರಿಸಿದರೆ ತಾವೇ ಎದ್ದು ಹೋಗುತ್ತಾರೆ ಅನ್ನುವ ಲೆಕ್ಕ. ಕಿತ್ತುಕೊಳ್ಳುವವರು ಈಗ ಲಾಠಿ ತರುವುದಿಲ್ಲ, ಫೈಲು ಮುಚ್ಚಿಡುತ್ತಾರೆ.

ಹಾಗಾಗಿಯೇ ಅವಳು ಹಟಕ್ಕೆ ಬಿದ್ದು ಸ್ತ್ರೀಶಕ್ತಿ ಸಂಘದ ನೆರವಿನಲ್ಲಿ ಮಾಡಿನ ಮೇಲೆ ಎರಡು ದೊಡ್ಡ ಸೋಲಾರ್ ಹಲಗೆ, ಒಳಗೆ ಎರಡು ಬ್ಯಾಟರಿ ಹಾಕಿಸಿದ್ದು. ಲೈನ್ ಕೊಡದಿದ್ದರೆ ನಿಮ್ಮ ಲೈನು ನೀವೇ ಇಟ್ಕೊಳ್ಳಿ ಅನ್ನುವ ಹಾಗೆ.

ಆಮೇಲೆ ಬಂದವು ಆ ನಾಲ್ಕು ಫ್ಯಾನು.

ಹೋಬಳಿಯಲ್ಲಿ ಜಮೀನು ವ್ಯಾಪಾರ ಮಾಡಿಸುವ ಗೋಪಾಲಪ್ಪ ಒಂದು ದಿನ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದ. ಮೇನ್ ರೋಡಿನ ಮದುವೆ ಛತ್ರವನ್ನು ಹೊಸದು ಮಾಡುತ್ತಿದ್ದರಂತೆ. ಅಲ್ಲಿ ಬಿಚ್ಚಿದ ನಾಲ್ಕು ಸೀಲಿಂಗ್ ಫ್ಯಾನು, ಅಡುಗೆ ಮನೆಯ ಆಳೆತ್ತರದ ಹಳೇ ಫ್ರಿಜ್ಜು. "ಪುಕ್ಕಟೆ ಇಟ್ಕೊಳಣ್ಣ, ನಾವೇನು ಬೇರೆಯೋರ?" ಎಂದು ಇಳಿಸಿದ.

ಮುನಿವೆಂಕಟಪ್ಪ ಒಂದು ಫ್ಯಾನಿನ ಮೋಟಾರನ್ನು ಅಂಗೈಯಲ್ಲಿ ಎತ್ತಿ ತೂಗಿ ನೋಡಿದ. ಅದು ಅವನ ಹುಟ್ಟುಗುಣ. ರೇಷ್ಮೆ ಗೂಡನ್ನು ಅಂಗೈಯಲ್ಲಿಟ್ಟು ಕುಲುಕಿ, ಹೆಬ್ಬೆರಳಲ್ಲಿ ಒತ್ತಿ, "ತೂಕೈತೆ, ಒಳ್ಳೇ ಮಾಲು" ಅಥವಾ "ಹಗುರ, ಜಳ್ಳು" ಎಂದು ಹೇಳಿಬಿಡುವ ಕೈ ಅದು. ಮಾರ್ಕೆಟ್ಟಿನಲ್ಲಿ ಆ ಕೈ ತಪ್ಪಿದ್ದಿಲ್ಲ. ಅದೇ ಕೈಯಲ್ಲಿ ಅವನು ಕುಡುಗೋಲು ಕೊಳ್ಳುತ್ತಾನೆ, ಬಿಂದಿಗೆ ಕೊಳ್ಳುತ್ತಾನೆ, ಟಾರ್ಚು ಕೊಳ್ಳುತ್ತಾನೆ. ಗೂಡು ಬೆಳೆಯುವ ಮನೆಗಳಲ್ಲಿ ಎಲ್ಲರದೂ ಇದೇ ಚಾಳಿ. ತೂಕ ಇದ್ದರೆ ಮಾಲು, ಇಲ್ಲದಿದ್ದರೆ ಕಸ.

"ತಾಮ್ರ ಕಣೆ," ಅಂದಿದ್ದ ಹೆಂಡತಿಗೆ. "ಇವತ್ತಿನೋರು ಇಂಥವು ಮಾಡಲ್ಲ."

ಈಗ ಗುಂಡಿಗೆ ಕೊನೇ ಮಂಕರಿ ಬಿದ್ದ ಮೇಲೆ ಅದೇ ಮುನಿವೆಂಕಟಪ್ಪ ಸನಿಕೆ ನೆಲಕ್ಕೂರಿ ನಿಂತ.

"ಮುಂದಿನ ಬೆಳೆ ಒಂದು ನೋಡ್ತೀನಿ ವರಲಕ್ಷ್ಮಿ. ಅದೂ ಹಿಂಗೇ ಗುಂಡಿಗೋದ್ರೆ, ಜಮೀನು ಬಿಟ್ಟುಕೊಡೋ ಗೋಪಾಲಪ್ಪನ ಕಾಗದಕ್ಕೆ ಸೈನ್ ಹಾಕ್ಬುಡ್ತೀನಿ. ಕತ್ತಲಲ್ಲಿ ಕೂತು ಹುಳ ಹೂಳಾಕೆ ನಂಗೆ ಮೈಯಾಗಿಲ್ಲ."

ಅವಳು ಖಾಲಿ ಮಂಕರಿಗಳನ್ನು ಒಂದರೊಳಗೊಂದು ಜೋಡಿಸಿದಳು. ಬೈದರೆ ಯಾರನ್ನು ಬೈಯಬೇಕು? ಎದುರಿಗೆ ನಿಂತವನೂ ಅವಳಷ್ಟೇ ಹುಳ ಹೂತವನು.

*

ಸಂಘದ ಸಭೆಯಲ್ಲಿ ಬೈದಳು. "ಸೋಲಾರ್ ಅಂತೆ ಸೋಲಾರ್. ಬಡವರ ಮನೆಗೊಂದು ಆಟದ ಸಾಮಾನು ಕೊಟ್ಟು ಹಲ್ಲು ಕಿರಿಯೋರ ಮನೆ ಹಾಳಾಗ." ಅಲ್ಲಿದ್ದವರಲ್ಲಿ ಯಾರೋ ಕೀರ್ತನಳ ಹೆಸರು ಹೇಳಿದರು. ಸಾಸಲು ಕಡೆಯ ಹುಡುಗಿ, ಐಟಿಐ ಓದಿ ದೊಡ್ಡಬಳ್ಳಾಪುರದಲ್ಲಿ ಸೋಲಾರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ, ಕರೆದರೆ ಹಳ್ಳಿಗೂ ಬರುತ್ತಾಳೆ ಎಂದರು.

ಕೀರ್ತನ ಸ್ಕೂಟರಿನಲ್ಲಿ ಬಂದ ದಿನ ಹೊಸ ಬೆಳೆಯ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಇದು ಕೊನೆಯ ಜ್ವರ. ಎದ್ದ ಮೇಲೆ ಎಂಟು ದಿನ ರಾಕ್ಷಸರ ಹಾಗೆ ಸೊಪ್ಪು ತಿಂದು, ಗೂಡು ಕಟ್ಟುತ್ತವೆ. ಕೆಟ್ಟರೆ ಆ ಎಂಟು ದಿನದಲ್ಲೇ ಕೆಡುವುದು.

ಅವಳು ಚೀಲ ಹೆಗಲಿಗೇರಿಸಿ ಹುಳದ ಮನೆಯತ್ತ ಕಾಲಿಟ್ಟಳೋ ಇಲ್ಲವೋ, ಮುನಿವೆಂಕಟಪ್ಪ ಅಡ್ಡ ಬಂದ.

"ಅಲ್ಲೇ ನಿಂತ್ಕಳವ್ವ. ಹುಳ ಜ್ವರದಾಗವೆ. ಹೊರಗಿನೋರು ಒಳಿಕ್ಕೆ ಬರಂಗಿಲ್ಲ."

"ಗೊತ್ತು ದೊಡ್ಡಪ್ಪ. ನಾನೂ ಹುಳದ ಮನೇಲೇ ಅಂಬೆಗಾಲಿಟ್ಟೋಳು. ಕೈಕಾಲು ತೊಳ್ಕೊಂಡು ಬರ್ತೀನಿ."

"ಬ್ಯಾಡ."

"ಸರಿ. ಹಂಗಾದ್ರೆ ಕಾಯಿಲೆಯೋರನ್ನೇ ಡಾಕ್ಟ್ರ ಹತ್ರ ಕರ್ಕೊಂಬನ್ನಿ. ಒಂದು ಫ್ಯಾನು ಬಿಚ್ಚಿ ಜಗಲಿಗೆ ತನ್ನಿ."

ಗೊಣಗಿಕೊಂಡೇ ಹೋಗಿ ಬಿಚ್ಚಿ ತಂದ. ಕೀರ್ತನ ಅದನ್ನು ಮಗುಚಿ ಹಾಕಿ, ಮೋಟಾರಿನ ಬೆನ್ನಿಗೆ ಅಂಟಿದ ಸುಣ್ಣ, ಧೂಳು, ಯಾವುದೋ ಮದುವೆಯ ಬಣ್ಣದ ಕಾಗದದ ಚೂರು ಎಲ್ಲವನ್ನೂ ಸ್ಕ್ರೂಡ್ರೈವರಿನಲ್ಲಿ ಕೆರೆದಳು. ಕೆಳಗೆ ತಗಡಿನ ಚೀಟಿ ಸಿಕ್ಕಿತು.

"ದೊಡ್ಡಮ್ಮ, ಇಲ್ಲಿ ಬರೆದಿರೋ ಅಂಕಿ ಓದು."

ವರಲಕ್ಷ್ಮಮ್ಮ ಬಗ್ಗಿದಳು. ಬಸ್ಸಿನ ನಂಬರು ಓದಿ ಓದಿ ಅಂಕಿ ಅವಳಿಗೆ ಚೆನ್ನಾಗಿ ಗೊತ್ತು. "ಎಂಬತ್ತು. ಪಕ್ಕದಲ್ಲಿ ಅದೇನೋ ಇಂಗ್ಲಿಷ್ ಅಕ್ಷರ."

"ಡಬ್ಲ್ಯು. ವ್ಯಾಟು ಅಂತ. ಈ ಫ್ಯಾನು ಒಂದು ಗಂಟೆಗೆ ಎಂಬತ್ತು ಕುಡಿಯುತ್ತೆ ಅಂತ ಅರ್ಥ. ಇಂಥವು ನಾಲ್ಕು. ಮುನ್ನೂರಿಪ್ಪತ್ತು. ಅದರ ಜೊತೆಗೆ ಒಳಗೆ ಒಬ್ಬ ಗೊರಕೆ ಹೊಡೀತಾ ನಿಂತಿದ್ದಾನಲ್ಲ, ಫ್ರಿಜ್ಜು. ಅವನದ್ದೊಂದು ಅರವತ್ತು ಹಿಡಿ. ಈಗ ಬ್ಯಾಟರಿ ಕಡೆ ಬಾ. ನಿಮ್ಮ ಎರಡು ಬ್ಯಾಟರೀಲಿ ತುಂಬೋದು ಮೂರೂವರೆ ಸಾವಿರ. ಪೂರ್ತಿ ಹಿಂಡಿದ್ರೆ ಬ್ಯಾಟರಿ ಬೇಗ ಸಾಯುತ್ತೆ. ಅರ್ಧ ಮಾತ್ರ ತೆಗೀಬೇಕು. ಒಂದು ರಾತ್ರಿಗೆ ಹದಿನೇಳು ನೂರು ಅಂತಿಟ್ಕೊ. ಗಂಟೆಗೆ ನಾನೂರರ ಹತ್ರ ಕುಡಿಯೋರಿಗೆ ಅದು ಎಷ್ಟು ಗಂಟೆ ಬರುತ್ತೆ?"

ವರಲಕ್ಷ್ಮಮ್ಮ ಬೆರಳು ಮಡಿಸಿದಳು. "ನಾಕೂವರೆ ಗಂಟೆ. ಸಂಜೆ ಆರೂವರೆಗೆ ಹಾಕಿದ್ರೆ ಹನ್ನೊಂದಕ್ಕೆ..." ಅವಳ ಮಾತು ನಿಂತಿತು. ಹನ್ನೊಂದಕ್ಕೇ ನಿಲ್ಲುತ್ತಿದ್ದವು. ದಿನಾ. ತಿಂಗಳುಗಟ್ಟಲೆ ಕಣ್ಣೆದುರಿಗೇ ನಡೆದದ್ದನ್ನು ಯಾರೂ ಲೆಕ್ಕ ಹಾಕಿ ತೋರಿಸಿರಲಿಲ್ಲ.

ಕೀರ್ತನ ಚೀಲದಿಂದ ಇನ್ನೊಂದು ಫ್ಯಾನು ತೆಗೆದಳು. ಬಿಳೀದು, ಸಣ್ಣ ಹೊಟ್ಟೆಯದು. ಮುನಿವೆಂಕಟಪ್ಪ ಕೈಚಾಚಿ ಇಸಿದುಕೊಂಡ, ಅಂಗೈಯಲ್ಲಿ ತೂಗಿದ, ಮುಖ ಹಿಂಡಿದ.

"ಇದೇನವ್ವ, ಜಳ್ಳು ಗೂಡು ಇದ್ದಂಗೈತೆ. ನಮ್ಮ ಫ್ಯಾನಿನ ಗಾಳೀಗೆ ಇದೇ ಹಾರೋಯ್ತದೆ."

"ಹಾರುತ್ತೋ ಇಲ್ವೋ ನೋಡೋಣ ತಾಳಿ."

ಜಗಲಿಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಯಿತ್ತು. ಮೊದಲು ಛತ್ರದ ಫ್ಯಾನು ತೂಗುಹಾಕಿ ತಿರುಗಿಸಿದಳು. ನಡುವೆ ಸಣ್ಣ ಮೀಟರೊಂದನ್ನು ಕೂರಿಸಿ ವರಲಕ್ಷ್ಮಮ್ಮನ ಕೈಗೆ ಕೊಟ್ಟಳು. ಎಪ್ಪತ್ತೆಂಟು ತೋರಿಸಿತು. ಕೆಳಗೆ ಹಳೇ ಪೇಪರಿನ ಉದ್ದ ತುಂಡು ಹಿಡಿದಳು. ಪಟಪಟ ಹಾರಿತು. ಆಮೇಲೆ ಬಿಳೀ ಫ್ಯಾನು. ಅದೇ ಪೇಪರು, ಅದೇ ಪಟಪಟ. ಮೀಟರಿನಲ್ಲಿ ಇಪ್ಪತ್ತೆಂಟು.

"ತಿರುಗಾ ಹಾಕು," ಅಂದ ಮುನಿವೆಂಕಟಪ್ಪ. ಹಾಕಿದಳು. ಇಪ್ಪತ್ತೆಂಟೇ.

"ಮೀಟರು ನಿಂದು. ನಿನ್ನ ಮೀಟರು ನಿನ್ನ ಮಾತೇ ಆಡ್ತದೆ."

"ಪೇಪರೂ ನಂದೇನಾ ದೊಡ್ಡಪ್ಪ? ಗಾಳಿ ನಂದಾ? ಹಳೇ ಫ್ಯಾನಿನ ಮೋಟಾರು ಮುಟ್ಟಿ ನೋಡಿ. ಸುಡ್ತಿದೆ. ಕುಡಿದ ಕರೆಂಟು ಬಿಸಿಯಾಗಿ ಹೋಗ್ತಿದೆ. ಗಾಳಿಯಾಗ್ತಿಲ್ಲ. ಸೆಕೆ ಕಳೆಯೋಕೆ ಅಂತ ಹುಳದ ಮನೇಲಿ ನಾಲ್ಕು ಒಲೆ ಹೊತ್ತಿಸಿಟ್ಟಿದ್ದೀರಿ."

ಅವನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಆದರೂ ಒಪ್ಪಲಿಲ್ಲ. ನಲವತ್ತು ವರ್ಷದ ಅಂಗೈಯನ್ನು ಒಂದು ಮೀಟರು ಸುಳ್ಳು ಮಾಡುವುದೆಂದರೇನು?

ಸಿಡಿದದ್ದು ವರಲಕ್ಷ್ಮಮ್ಮ, ಕೀರ್ತನಳ ಮೇಲೆ.

"ಏನೇ ಹುಡ್ಗಿ, ಅಲ್ಲಿ ನೋಡು, ಹಗಲೊತ್ತಲ್ಲೇ ದೀಪ ಉರೀತಾವೆ ರೋಡಿಗೆ. ಅವ್ರಿಗೆ ಯಾರಾದ್ರೂ ಉಳಿಸಿ ಅಂತಾರಾ? ಶಾಪಿಂಗ್ ಮಾಲಿನೊಳಗೆ ಬೆಟ್ಟದಂಗೆ ಏಸಿ. ಅವ್ರಿಗೆ ಹೇಳ್ತಾರಾ? ನಮ್ಮನೇಲಿರೋದು ನಾಕು ಫ್ಯಾನು. ಉಳಿಸೋ ಪಾಠ ನಮ್ಗೇನೇ?"

ಕೀರ್ತನ ಸ್ಕ್ರೂಡ್ರೈವರು ಕೆಳಗಿಟ್ಟಳು.

"ಸರಿಯಾಗಿ ಕೇಳ್ದೆ ದೊಡ್ಡಮ್ಮ. ಊರುದ್ಧಾರಕ್ಕೆ ಉಳಿಸು ಅಂತ ನಾನು ಹೇಳ್ತಿಲ್ಲ, ಅದನ್ನ ಅವರಿಗೇ ಹೇಳ್ಬೇಕು. ನಿನ್ನ ಬ್ಯಾಟರಿ ಹನ್ನೊಂದಕ್ಕೆ ಸತ್ತು ಹುಳ ಕೊಳೆತ್ರೆ ಯಾರಿಗೆ ಲಾಭ? ಅದೊಂದು ಹೇಳು."

ವರಲಕ್ಷ್ಮಮ್ಮನಿಗೆ ಯಾರ ಮುಖ ಕಣ್ಣ ಮುಂದೆ ಬಂತೋ, ಆ ಮುಖದವನ ಕಾರೇ ಬದುವಿನ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಬಂತು.

*

ಗೋಪಾಲಪ್ಪ ಒಳ್ಳೇ ಮಾತುಗಾರ. ಬಂದವನೇ ಜಗಲಿ ಮೇಲೆ ಕೂತು, ಫೈಲನ್ನು ತೊಡೆ ಮೇಲಿಟ್ಟು, ತಿರುಗುತ್ತಿದ್ದ ಬಿಳೀ ಫ್ಯಾನಿಗೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದ.

"ಅಬ್ಬ, ಒಳ್ಳೇ ಗಾಳಿ. ಹುಳ ಹೆಂಗವೆ ಅಣ್ಣ?"

"ಜ್ವರಕ್ಕೆ ಕೂತವೆ," ಅಂದ ಮುನಿವೆಂಕಟಪ್ಪ.

"ಪಾಪ. ಈ ಸಲನಾದ್ರೂ ಕೈ ಹಿಡಿಲಿ. ಆದ್ರೂ ಹೇಳ್ತೀನಿ, ಲೈನಿಲ್ಲದ ಮನೇಲಿ ಎಷ್ಟು ದಿನ ಅಣ್ಣ ಒದ್ದಾಡ್ತೀಯ? ಒಂದು ಸೈನ್ ಹಾಕು. ಟೌನಲ್ಲಿ ಮನೆ ತಗೊ. ಸ್ವಿಚ್ ಒತ್ತಿದ್ರೆ ಕರೆಂಟು. ಅತ್ತಿಗೆ ಕಾಲು ಮೇಲೆ ಕಾಲು ಹಾಕ್ಕೊಂಡು ಟೀವಿ ನೋಡ್ಲಿ."

ಫ್ಯಾನು ಎಲ್ಲಿಂದ ಬಂದವೆಂದು ಆಗಲೇ ಕೇಳಿ ತಿಳಿದಿದ್ದ ಕೀರ್ತನ ವೈರು ಸುತ್ತುತ್ತಾ, ಏನೂ ಅರಿಯದವಳ ಹಾಗೆ ಕೇಳಿದಳು. "ಗೋಪಾಲಪ್ಪೋರೆ, ಇವು ಇಷ್ಟು ಗಟ್ಟಿ ಫ್ಯಾನು. ಛತ್ರದೋರು ಯಾಕೆ ಬಿಚ್ಚಿದ್ರು? ಕೆಟ್ಟೋಗಿದ್ವಾ?"

"ಕೆಟ್ಟಿದ್ರೆ ನಾನು ತರ್ತಿದ್ನಾ? ಚೆನ್ನಾಗೇ ಓಡ್ತಿದ್ವು. ಕರೆಂಟು ಕುಡಿಯೋದ್ರಲ್ಲಿ ಮಾತ್ರ ಮಹಾ ಕುಡುಕರು ಕಣಮ್ಮ. ಬಿಲ್ಲು ನೋಡಿ ಓನರ್ರು ತಲೆ ಮೇಲೆ ಕೈ ಹೊತ್ಕೊಂಡ್ರು. ಈಗ ಛತ್ರದ ತುಂಬಾ ಇಂಥವೇ ಹಾಕ್ಸವ್ರೆ," ಎಂದು ತಲೆ ಮೇಲೆ ತಿರುಗುತ್ತಿದ್ದ ಬಿಳೀ ಫ್ಯಾನಿನ ಕಡೆ ಬೆರಳು ತೋರಿಸಿದ.

ವರಲಕ್ಷ್ಮಮ್ಮ ಕೈಯಲ್ಲಿದ್ದ ಮೀಟರನ್ನು ಜಗಲಿ ಮೇಲಿಟ್ಟಳು.

ಮುನಿವೆಂಕಟಪ್ಪ ನಿಧಾನದ ಮನುಷ್ಯ. ಮಾತು ಅವನೊಳಗೆ ಇಳಿಯಲು ಹೊತ್ತು ಬೇಕು. "ಅವ್ರಿಗೆ ಲೈನೈತಲ್ಲ ಗೋಪಾಲ," ಅಂದ.

"ಐತೆ. ದೊಡ್ಡ ಲೈನೇ ಐತೆ."

"ಲೈನಿರೋರಿಗೇ ಭಾರ ಆಯ್ತಾ ಇದು?"

ಗೋಪಾಲಪ್ಪನಿಗೆ ತಾನು ಏನು ಹೇಳಿಬಿಟ್ಟೆ ಎಂದು ಆಗ ತಿಳಿಯಿತು. ನಕ್ಕ. ನಗು ಅರ್ಧಕ್ಕೇ ನಿಂತಿತು, ವರಲಕ್ಷ್ಮಮ್ಮ ಎದ್ದು ಬಂದು ಎದುರಿಗೆ ನಿಂತಿದ್ದಳು.

"ಬೇಕಂತ್ಲೇ ಕೊಟ್ಟೆಯೋ, ಬ್ಯಾಡದ್ದನ್ನ ಕೊಟ್ಟೆಯೋ, ನಿನ್ನ ಹೊಟ್ಟೆಯೊಳಗಿನ್ದು ನಂಗೆ ಬ್ಯಾಡ. ಮೂರು ಫೇಸು ಲೈನಿರೋ ಸಾವ್ಕಾರ ಸಾಕಲಾರದೆ ಬಿಟ್ಟ ಕುಡುಕರನ್ನ ತಂದು ಎರಡು ಬ್ಯಾಟರಿ ಇಟ್ಕೊಂಡಿರೋ ನನ್ನ ಮನೇಲಿ ಕಟ್ಟಿಹಾಕ್ದೆ. ಹನ್ನೊಂದು ಮಂಕರಿ ಹೂತಿದ್ದೀನಿ ಕಣಪ್ಪ. ಪೇಟೆಯೋರಿಗೆ ಸಾಕಾಗಿದ್ದೆಲ್ಲ ಹಳ್ಳಿಯೋರಿಗೆ ದಾನ. ಹಳೇ ಬಸ್ಸು ನಮ್ಗೆ, ಹಳೇ ಔಷ್ದಿ ನಮ್ಗೆ, ಹಳೇ ಫ್ರಿಜ್ಜು ನಮ್ಗೆ. ಇಸ್ಕೊಂಡು ಕೈ ಮುಗೀಬೇಕು ಬೇರೆ."

"ಉಪಕಾರ ಮಾಡಿದ್ದಕ್ಕೆ ಒಳ್ಳೇ ಮರ್ಯಾದೆ ಅತ್ತಿಗೆ," ಎಂದ ಗೋಪಾಲಪ್ಪ, ಫೈಲು ಎತ್ತಿಕೊಳ್ಳುತ್ತಾ.

ವರಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ.

"ಬೋರು ಬತ್ತೋಕೆ ಶುರುವಾದಾಗ ಇಡೀ ಊರು ಕಾಲುವೇಲಿ ನೀರು ಹಾಯಿಸ್ತಿತ್ತು. ಡ್ರಿಪ್ಪು ಹಾಕ್ಸಿದೋನು ನೀನೊಬ್ಬನೇ. ಎಲ್ರೂ ನಕ್ರು, ಗಿಡಕ್ಕೆ ಗ್ಲೂಕೋಸ್ ಹಾಕ್ತಾವ್ನೆ ಅಂತ. ನಿನ್ನ ಸೊಪ್ಪು ಉಳೀತು, ಅವ್ರದ್ದು ಒಣಗ್ತು. ನೀರಿಗೆ ಅಷ್ಟು ಬುದ್ಧಿ ಓಡ್ಸಿದೋನು ಕರೆಂಟನ್ನ ಯಾಕೆ ಹಿಂಗೆ ಕಾಲುವೇಲಿ ಹರಿಯಬುಟ್ಟಿದ್ದೀಯ?"

ಮುನಿವೆಂಕಟಪ್ಪ ತನ್ನ ಅಂಗೈ ನೋಡಿಕೊಂಡ.

"ಗೂಡಿನ ತೂಕ ಕೈಗೆ ಸಿಗ್ತದೆ," ಅಂದ. "ಇದರ ತೂಕ ಚೀಟೀಲಿ ಬರ್ದವ್ರೆ. ನಾನು ಚೀಟಿ ನೋಡ್ಲಿಲ್ಲ." ಆಮೇಲೆ ಗೋಪಾಲಪ್ಪನಿಗೆ, "ನೀನು ಹೋಗಿ ಬಾ. ಗೂಡು ಕಟ್ಟಿದ ಮೇಲೆ ಮಾತಾಡಾನ."

ಕಾರು ತಿರುಗಿದ ಮೇಲೆ ಕೀರ್ತನ ಇನ್ನೊಂದು ಮಾತು ಹೇಳಿದಳು. ಈ ಹೊಸ ಫ್ಯಾನು ಬ್ಯಾಟರಿಯ ಕರೆಂಟಿಗೇ ಓಡುವಂಥದ್ದು. ಬ್ಯಾಟರಿಯ ಕರೆಂಟನ್ನು ಮನೆ ಲೈನಿನ ಕರೆಂಟಾಗಿ ಬದಲಿಸುವ ಇನ್ವರ್ಟರ್ ಪೆಟ್ಟಿಗೆ ಇದಕ್ಕೆ ಬೇಡ. "ಆ ಪೆಟ್ಟಿಗೆ ಬದಲಿಸೋ ನೆಪದಲ್ಲಿ ತಾನೂ ಒಂದಿಷ್ಟು ತಿನ್ನುತ್ತೆ. ಈಗ ಎದ್ದು ಹೋದ್ರಲ್ಲ, ಅವರ ಜಾತಿ. ಈ ಕೈಯಿಂದ ಆ ಕೈಗೆ ದಾಟಿಸೋಕೆ ಕಮಿಷನ್ನು."

ಮುನಿವೆಂಕಟಪ್ಪ ಆ ದಿನ ಮೊದಲ ಸಲ ನಕ್ಕ. "ದಲ್ಲಾಳಿ ಇಲ್ದಿರೋ ಫ್ಯಾನು ಅನ್ನು."

*

ನಾಲ್ಕು ಹೊಸ ಫ್ಯಾನನ್ನು ಕೀರ್ತನ ಗೂಡು ಮಾರುವವರೆಗೆ ಕಡ ಕೊಟ್ಟಳು. ಒಳಗೆ ಬಿಡುವ ಹಾಗಿಲ್ಲವಲ್ಲ, ಅವಳು ಕಿಟಕಿಯ ಆಚೆ ನಿಂತು ಹೇಳುವುದು, ಮುನಿವೆಂಕಟಪ್ಪ ಏಣಿ ಮೇಲೆ ನಿಂತು ಕಟ್ಟುವುದು.

"ಕೆಂಪು ವೈರು ಕೆಂಪಿಗೆ ದೊಡ್ಡಪ್ಪ."

"ನಂಗೂ ಕಣ್ಣವೆ ಕಣವ್ವ."

"ಕಣ್ಣಿದ್ದೂ ಕರೀದಕ್ಕೆ ಕೊಟ್ಟಿದ್ದೀರಲ್ಲ, ತೆಗೀರಿ."

ಹುಳದ ಮನೆಯಲ್ಲಿ ಸೊಪ್ಪು ಹಾಕುವ ಹೊತ್ತಿಗಷ್ಟೇ ಹಚ್ಚುತ್ತಿದ್ದ ಹಳೇ ಬುರುಡೆ ಬಲ್ಬುಗಳು ಅರವತ್ತು ವ್ಯಾಟಿನವು. ಕಿತ್ತು, ಒಂಬತ್ತರ ಎಲ್‌ಇಡಿ ಹಾಕಿದರು. ಫ್ರಿಜ್ಜಿನ ವೈರನ್ನು ವರಲಕ್ಷ್ಮಮ್ಮ ತಾನೇ ಕಿತ್ತಳು. ಅಷ್ಟು ದಿನ ಅದರೊಳಗೆ ಇದ್ದದ್ದು ಒಂದು ಬಾಟ್ಲಿ ನೀರು, ಒಂದು ಪಾತ್ರೆ ಹಿಟ್ಟು, ಮತ್ತೆ ಬಂದವರ ಮುಂದೆ ಬಾಗಿಲು ತೆಗೆದು ತೋರಿಸುವ ಜಂಬ. ಈಗ ಅದರಲ್ಲಿ ಹುರಳಿಕಾಳು ತುಂಬಿಟ್ಟಿದ್ದಾಳೆ. ಇಲಿ ಹೋಗುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಆ ಪೆಟ್ಟಿಗೆ ಉಪಯೋಗಕ್ಕೆ ಬಂತು.

ಜ್ವರ ಎದ್ದ ಹುಳಗಳು ಮುಖ ಎತ್ತಿ ಸೊಪ್ಪು ಕೇಳಿದವು. ಆ ಎಂಟು ದಿನ ಸೆಕೆ ಕರುಣೆ ತೋರಿಸಲಿಲ್ಲ. ಮೊದಲನೇ ಬೆಳಗ್ಗೆ ವರಲಕ್ಷ್ಮಮ್ಮ ಹುಳದ ಮನೆ ಬಾಗಿಲ ಮುಂದೆ ಬಂದು, ಚಿಲಕಕ್ಕೆ ಕೈಯಿಟ್ಟು, ತೆಗೆಯಲು ಧೈರ್ಯ ಸಾಲದೆ ನಿಂತಳು. ಕಿವಿಗೊಟ್ಟಳು. ಒಳಗೆ ಹುಳ ಸೊಪ್ಪು ಮೇಯುವ, ಸಣ್ಣ ಮಳೆ ಬಿದ್ದ ಹಾಗಿನ ಚರಚರ. ಅದರ ಮೇಲೆ ತೆಳ್ಳಗೆ ತಿರುಗುವ ಸದ್ದು. ತೆಗೆದಳು. ನಾಲ್ಕೂ ತಿರುಗುತ್ತಿದ್ದವು.

ಎರಡನೇ ದಿನವೂ ತಿರುಗುತ್ತಿದ್ದವು. ಐದನೇ ದಿನ ಮೋಡ ಮುಚ್ಚಿ ಬ್ಯಾಟರಿ ಸರಿಯಾಗಿ ತುಂಬಲಿಲ್ಲ. ಅವತ್ತು ಸಂಜೆ ಮುನಿವೆಂಕಟಪ್ಪ ಮನೆಯೊಳಗಿನ ದೀಪಗಳನ್ನೆಲ್ಲ ಆರಿಸಿ, ಫ್ಯಾನುಗಳ ವೇಗ ಒಂದು ಮೆಟ್ಟಿಲು ಇಳಿಸಿದ. ಬೆಳಗಿನವರೆಗೆ ಬಂತು. ಒಂದು ಮಂಕರಿ ಹುಳ ಹೋದವು. ಹುಳ ಸಾಕುವವರಿಗೆ ಅದು ದುಃಖದ ಲೆಕ್ಕವಲ್ಲ. ಒಂಬತ್ತನೇ ದಿನ ಹುಳ ಹಣ್ಣಾದವು. ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಹತ್ತಿದವು. ಮೂರು ದಿನದಲ್ಲಿ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು.

ಗೋಪಾಲಪ್ಪ ಬಂದಾಗ ಗಂಡ ಹೆಂಡತಿ ಜಗಲಿಯಲ್ಲಿ ಕೂತು ಗೂಡು ಬಿಡಿಸುತ್ತಿದ್ದರು. ಫೈಲು ಬಿಚ್ಚಿದ. ಮುನಿವೆಂಕಟಪ್ಪ ತಲೆಯೆತ್ತಲಿಲ್ಲ.

"ಕಾಗದ ಒಳಗಿಟ್ಕೊ ಗೋಪಾಲ. ಬೆವರು ಬಿದ್ದಾತು."

"ಮಾತಾಡಾನ ಅಂದಿದ್ದೆ ಅಣ್ಣ."

"ಆಡ್ದೆನಲ್ಲ."

ಇಷ್ಟಕ್ಕೇ ಕಥೆ ಮುಗಿಸಿದರೆ ಅರ್ಧ ಸುಳ್ಳು ಹೇಳಿದ ಹಾಗೆ. ಗೂಡು ಮಾರಿದ ವಾರವೇ ವರಲಕ್ಷ್ಮಮ್ಮ ಮುತ್ಯಾಲಮ್ಮನನ್ನೂ ಸಂಘದ ಇನ್ನಿಬ್ಬರನ್ನೂ ಕಟ್ಟಿಕೊಂಡು ನಾಲ್ಕನೇ ಅರ್ಜಿ ಕೊಡಲು ಅದೇ ಮೇಜಿನ ಮುಂದೆ ನಿಂತಳು.

"ನಿಮಗೆ ಸೋಲಾರ್ ಚೆನ್ನಾಗಿ ನಡೀತಿದೆಯಂತಲ್ಲಮ್ಮ. ಇನ್ನು ಲೈನ್ ಯಾಕೆ?" ಎಂದ ಆ ಮನುಷ್ಯ.

"ಸೋಲಾರ್ ನಾನು ಮಾಡ್ಕೊಂಡಿದ್ದು ಸ್ವಾಮಿ. ಲೈನು ನೀವು ಕೊಡಬೇಕಾದ್ದು. ನನ್ನ ಜಾಣತನ ನಿಮ್ಮ ಸಾಲ ತೀರಿಸಲ್ಲ. ಸೀಲ್ ಹಾಕಿ ಕೊಡಿ, ಅರ್ಜಿ ತಗೊಂಡಿದ್ದಕ್ಕೆ."

ಸೀಲ್ ಬಿತ್ತು. ಲೈನ್ ಇನ್ನೂ ಬಂದಿಲ್ಲ. ಅವಳೂ ಎದ್ದು ಹೋಗಿಲ್ಲ.

*

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯೂ ಲೈನಿಲ್ಲದೆ ಸೂರ್ಯನನ್ನು ನಂಬಿ ನಡೆಯುತ್ತಿದ್ದರೆ ಇಷ್ಟು ಮಾಡಿ. ಇವತ್ತೇ ಮನೆಯ ಪ್ರತಿ ಫ್ಯಾನು, ಬಲ್ಬು, ಟೀವಿಯನ್ನು ತಿರುಗಿಸಿ ಬೆನ್ನು ನೋಡಿ. ಡ‌ಬ್ಲ್ಯು ಅಕ್ಷರದ ಪಕ್ಕ ಒಂದು ಅಂಕಿ ಇರುತ್ತದೆ. ಅದೇ ಕೆಲಸವನ್ನು ಕಡಿಮೆ ಅಂಕಿಯಲ್ಲಿ ಮಾಡುವ ಸಾಮಾನು ಅಂಗಡಿಯಲ್ಲಿ ಇದೆಯೇ ಎಂದು ಕೇಳಿ. ಬ್ಯಾಟರಿಯ ಕರೆಂಟಿಗೇ ಓಡುವಂಥದ್ದು ಇದೆಯೇ ಎಂದೂ ಕೇಳಿ. ಬುರುಡೆ ಬಲ್ಬು ಇದ್ದರೆ ಕಿತ್ತು ಎಲ್‌ಇಡಿ ಹಾಕಿ. ನೀರು ಕಾಯಿಸುವ ರಾಡು, ಇಸ್ತ್ರಿ ಪೆಟ್ಟಿಗೆ, ಕರೆಂಟು ಒಲೆ, ಅಂದರೆ ಬಿಸಿ ಮಾಡುವ ಯಾವುದನ್ನೂ ಬ್ಯಾಟರಿಗೆ ಹಚ್ಚಬೇಡಿ. ಮಿಕ್ಸಿ ಬೇಕಾದರೆ ನಡುಮಧ್ಯಾಹ್ನ ಬಿಸಿಲಿರುವಾಗ ತಿರುಗಿಸಿ. ಫ್ರಿಜ್ಜು ಔಷಧಿಗೋ ಹಾಲಿಗೋ ನಿಜವಾಗಿ ಬೇಕಿದ್ದರೆ ಸಣ್ಣದು ಕೊಳ್ಳಿ, ಬಾಗಿಲ ಮೇಲಿನ ಚೀಟಿಯಲ್ಲಿ ಎಷ್ಟು ನಕ್ಷತ್ರ ಇದೆ ಎಣಿಸಿ. ನಾಲ್ಕೋ ಐದೋ ಇರಲಿ. ಹೊಸ ಸೋಲಾರ್ ಹಾಕಿಸುವವರು ಮೊದಲು ಸಾಮಾನು ಬದಲಿಸಿ, ಆಮೇಲೆ ಹಲಗೆ ಎಷ್ಟು ಬೇಕೆಂದು ಲೆಕ್ಕ ಹಾಕಿಸಿ. ಕುಡುಕರನ್ನು ಹಾಗೇ ಇಟ್ಟುಕೊಂಡು ಬ್ಯಾಟರಿ ಮೇಲೆ ಬ್ಯಾಟರಿ ಸೇರಿಸಿದರೆ ಉದ್ಧಾರವಾಗುವುದು ಬ್ಯಾಟರಿ ಮಾರುವವನು. ಮೇಲೆ ಹಾದುಹೋಗುವ ತಂತಿಗೆ ಕದ್ದು ಕೊಕ್ಕೆ ಹಾಕುವ ಯೋಚನೆ ಮಾತ್ರ ಬೇಡ, ಜೀವ ಹೋಗುತ್ತದೆ. ಪುಕ್ಕಟೆ ಬಂದದ್ದನ್ನು ಮನೆಯೊಳಗೆ ಇಳಿಸಿಕೊಳ್ಳುವ ಮೊದಲು, ಕೊಟ್ಟವನು ಅದನ್ನು ಯಾಕೆ ಬಿಟ್ಟ ಎಂದು ಬಾಯಿಬಿಟ್ಟು ಕೇಳಿ.

ಲೈನಿಗೆ ಅರ್ಜಿಯನ್ನೂ ಕೊಡುತ್ತಲೇ ಇರಿ, ಸೀಲ್ ಹಾಕಿಸಿಕೊಳ್ಳಿ.

ನಿಮ್ಮ ಮನೆಯ ದೀಪ ಯಾವತ್ತು ಸಾಯುತ್ತದೆ, ನೀವು ಯಾವತ್ತು ಗಂಟುಮೂಟೆ ಕಟ್ಟುತ್ತೀರಿ ಎಂದು ಕಾದು ಕೂತವರಿದ್ದಾರೆ. ಅವರು ಕಾಯಲಿ.